ತೋಟದ ಮನೆಗೆ ದೊಡ್ಡ ಕ್ರಾಸ್ ನಾಯಿ: ನಾನು ಸಾಕಿದ ರೀತಿ

ನಮ್ದು ತಿಪಟೂರು ಕಡೆ ತೆಂಗಿನ ತೋಟ, ಮನೆ ತೋಟದೊಳಗೇ ಇದೆ, ಊರಿಂದ ಸ್ವಲ್ಪ ದೂರ. ಇಲ್ಲಿ ನಾಯಿ ಯಾಕೆ ಬೇಕು ಅಂತ ನಮ್ ಕಡೆಯೋರಿಗೆ ಹೇಳ್ಬೇಕಾಗಿಲ್ಲ, ಬೇರೆ ಕಡೆಯೋರಿಗೆ ಹೇಳ್ತೀನಿ. ಉಂಡೆ ಕೊಬ್ಬರಿ ಆಗ್ಬೇಕು ಅಂದ್ರೆ ಕಾಯಿನ ಅಟ್ಟದ ಮೇಲೆ ಹೆಚ್ಚು ಕಮ್ಮಿ ಒಂದು ವರ್ಷ ಬಿಡ್ಬೇಕು, ಒಳಗಿನ ನೀರೆಲ್ಲ ಇಂಗಿ ಅಲ್ಲಾಡಿಸಿದ್ರೆ ಗಿಟುಕು, ಅಂದ್ರೆ ಒಳಗೆ ಒಣಗಿದ ಕೊಬ್ಬರಿ ಉಂಡೆ, ಲೊಟಲೊಟ ಅನ್ನೋವರ್ಗೂ. ಅಂದ್ರೆ ವರ್ಷದ ದುಡಿಮೆ ಪೂರ್ತಿ ಅಟ್ಟದಲ್ಲೇ ಕೂತಿರುತ್ತೆ. ಅದರ ಜೊತೆ ಬೋರ್‌ವೆಲ್ ಕೇಬಲ್ ಕುಯ್ಕೊಂಡು ಹೋಗೋರ ಕಾಟ ಬೇರೆ.

ನಮ್ ನಾಯಿ ಹೆಸರು ಕೆಂಚ. ಅಮ್ಮ ಮುಧೋಳ, ಅಪ್ಪ ಜರ್ಮನ್ ಶೆಫರ್ಡ್, ಅದೂ ಪ್ಯೂರ್ ಇರ್ಲಿಕ್ಕಿಲ್ಲ. ಕಾಲು ಉದ್ದ, ಎದೆ ಆಳ, ಸೊಂಟ ಸಣ್ಣ, ಕಿವಿ ಮಾತ್ರ ಅರ್ಧ ನಿಂತು ಅರ್ಧ ಬಾಗಿದೆ. ತೂಕ 34 ಕೆಜಿ ಇದಾನೆ, ಸಾಮಾನ್ಯ ಮುಧೋಳಕ್ಕಿಂತ ಜಾಸ್ತಿನೇ. ಈ ಮಿಕ್ಸಲ್ಲಿ ಒಂದು ತಿಳ್ಕೊಬೇಕು, ಮುಧೋಳ ಕಣ್ಣಲ್ಲಿ ನೋಡಿ ಅಟ್ಟಿಸ್ಕೊಂಡು ಹೋಗೋ ಬೇಟೆ ನಾಯಿ, ಶೆಫರ್ಡು ಮನೆಯೋರ ಸುತ್ತನೇ ಇದ್ದು ಹೊಸಬರನ್ನ ಅನುಮಾನದಿಂದ ನೋಡೋ ಜಾತಿ, ಎರಡೂ ಸೇರಿದ್ರೆ ಓಡೋ ಕಾಲೂ ಇರುತ್ತೆ, ಅನುಮಾನದ ತಲೆನೂ ಇರುತ್ತೆ. ಎರಡಕ್ಕೂ ಬೇರೆ ಬೇರೆ ಕೆಲ್ಸ ಕೊಡ್ಬೇಕು.

ನಮ್ ಕಡೆ ಕಾವಲು ನಾಯಿ ಅಂದ್ರೆ ಹಗಲೆಲ್ಲ ಚೈನಲ್ಲಿ ಕಟ್ಟಿ, ರಾತ್ರಿ ತೋಟಕ್ಕೆ ಬಿಡೋದು. ನಾನು ಇದನ್ನ ಪೂರ್ತಿ ಉಲ್ಟಾ ಮಾಡ್ಕೊಂಡಿದೀನಿ, ಹಗಲು ಬೇಲಿ ಒಳಗೆ ಬಿಡ್ತೀನಿ, ರಾತ್ರಿ ಒಳಗೆ ಹಾಕ್ತೀನಿ. ಯಾಕಂದ್ರೆ ಚಿರತೆ. ತಿಪಟೂರು, ಗುಬ್ಬಿ, ತುರುವೇಕೆರೆ ಕಡೆ ಚಿರತೆ ಹೊಸದೇನಲ್ಲ, ನಾಯಿ ಅಂದ್ರೆ ಅದಕ್ಕೆ ಸುಲಭದ ಊಟ, ಎಷ್ಟು ದೊಡ್ಡ ನಾಯಿ ಆದ್ರೂ ಕತ್ತಲಲ್ಲಿ ಹಿಂದಿಂದ ಬಂದು ಕುತ್ತಿಗೆ ಹಿಡಿದ್ರೆ ಮುಗೀತು. ಕಟ್ಟಿರೋ ನಾಯಿಗಂತೂ ಓಡಕ್ಕೂ ಆಗಲ್ಲ. ಕೆಂಚನ ರಾತ್ರಿ ಜಾಗ ಅಟ್ಟದ ಮೆಟ್ಟಿಲ ಪಕ್ಕದ ಪಡಸಾಲೆ, ಮೂರು ಕಡೆ ಗೋಡೆ, ಮುಂದೆ ಕಬ್ಬಿಣದ ಗ್ರಿಲ್, ಮೇಲೆ ಶೀಟು. ಮೇಲೆ ಮುಚ್ಚಿರ್ಲೇಬೇಕು, ಬರೀ ಎತ್ತರದ ಕಾಂಪೌಂಡ್ ಚಿರತೆಗೆ ಲೆಕ್ಕಕ್ಕಿಲ್ಲ. ಮೊಳೆ ಹೊಡೆದ ಅಗಲದ ಬೆಲ್ಟೂ ಹಾಕಿದೀನಿ, ಸಂಜೆ ಕತ್ತಲಾಗೋ ಹೊತ್ತಿಗೆ ಆಚೆ ಇದ್ರೆ ಇರ್ಲಿ ಅಂತ.

ಗ್ರಿಲ್ ಒಳಗಿದ್ರೆ ಕಳ್ಳನ್ನ ಹೆಂಗೆ ಹಿಡಿಯುತ್ತೆ ಅಂತ ನಮ್ಮಪ್ಪನೂ ಕೇಳಿದ್ರು. ಹಿಡಿಯೋದು ಬೇಡ ಅಂತಾನೇ ನಾನ್ ಹೇಳೋದು. ನನಗೆ ಅದರ ಬಾಯಿ ಸದ್ದು ಬೇಕು, ಹಲ್ಲು ಬೇಡ. ಮನುಷ್ಯರಿಗಿಂತ ಎಷ್ಟೋ ಮುಂಚೆ ಅದಕ್ಕೆ ಸದ್ದು, ವಾಸನೆ ಗೊತ್ತಾಗುತ್ತೆ, ಒದರುತ್ತೆ, ನಾನು ಎದ್ದು ಲೈಟ್ ಹಾಕ್ತೀನಿ, ಕಳ್ಳರಿಗೆ ಅಷ್ಟು ಸಾಕು. ಕಚ್ಚೋ ನಾಯಿ ಕಳ್ಳನ್ನ ಮಾತ್ರ ಕಚ್ಚುತ್ತೆ ಅನ್ನೋ ಗ್ಯಾರಂಟಿ ಏನಿದೆ, ಪಕ್ಕದ ತೋಟದ ಮಗು ಚೆಂಡು ತಗೊಳಕ್ಕೆ ಬಂದ್ರೆ? ನಮ್ ಅಜಾಗರೂಕತೆಯಿಂದ ಸಾಕಿದ ಪ್ರಾಣಿ ಯಾರಿಗಾದ್ರೂ ಅಪಾಯ ಮಾಡೋ ಹಂಗಾದ್ರೆ ಭಾರತೀಯ ನ್ಯಾಯ ಸಂಹಿತೆ 291ನೇ ಸೆಕ್ಷನ್ ಇದೆ, ಹಳೇ ಐಪಿಸಿಲಿ 289 ಇತ್ತಲ್ಲ ಅದೇ, ಆರು ತಿಂಗಳವರೆಗೂ ಜೈಲು ಆಗ್ಬೋದು. ಗೇಟಿಗೆ 'ನಾಯಿ ಇದೆ ಎಚ್ಚರಿಕೆ' ಬೋರ್ಡ್ ಹಾಕಿದ ತಕ್ಷಣ ನಮ್ ಜವಾಬ್ದಾರಿ ಮುಗಿಯಲ್ಲ.

ಸದ್ದು ಮಾಡೋದನ್ನ ಯಾರೂ ಕಲಿಸ್ಬೇಕಿಲ್ಲ, ನಿಲ್ಲಿಸೋದನ್ನ ಕಲಿಸ್ಬೇಕು. ಬೊಗಳಿದಾಗ ನಾನೂ ಕೂಗಾಡಿದ್ರೆ ಅದಕ್ಕೆ ಜೊತೆಗೆ ಒಬ್ರು ಸಿಕ್ಕಂಗೆ. ಅದಕ್ಕೆ ನಾನು ಎದ್ದು ಹೋಗಿ ಅದು ನೋಡ್ತಿರೋ ಕಡೆ ಟಾರ್ಚ್ ಬಿಟ್ಟು ನೋಡಿ, 'ಆಯ್ತು ಸಾಕು' ಅಂತ ಮೆತ್ತಗೆ ಹೇಳಿ, ಸುಮ್ನಾದ ಕ್ಷಣಕ್ಕೆ ಒಂದು ಚೂರು ಬೇಯಿಸಿದ ಲಿವರ್ ಕೊಡ್ತಿದ್ದೆ. ಮರಿಯಿಂದ ಹಿಂಗೇ ಮಾಡಿದ್ದಕ್ಕೆ ಈಗ ನಾನು ಬಂದು ನೋಡಿದ್ರೆ ಸಾಕು, ಸುಮ್ನಾಗುತ್ತೆ. ಬರ್ಲಿಲ್ಲ ಅಂದ್ರೆ ನಿಲ್ಲಿಸಲ್ಲ, ಅದೇ ಬೇಕಾಗಿದ್ದು ನಂಗೆ.

ಕಷ್ಟದ ಭಾಗ ಅಂದ್ರೆ ಎನರ್ಜಿ. ಮರಿ ಇದ್ದಾಗ ಡ್ರಿಪ್ ಪೈಪ್ ಕಚ್ಚಿ ಹಾಕಿದ್ದು ಎಷ್ಟು ಮೀಟ್ರೋ ಲೆಕ್ಕ ಇಟ್ಟಿಲ್ಲ. ಬೆಳಿಗ್ಗೆ ಬಿಸಿಲೇರೋ ಮುಂಚೆ ಬದುವಿನ ಮೇಲೆ ಉದ್ದ ಹಗ್ಗದಲ್ಲಿ ನಡೆಸ್ತೀನಿ, ಈಗೀಗ ಸೈಕಲ್ ಜೊತೆ ಓಡಿಸ್ತೀನಿ, ಒಂದೂವರೆ ವರ್ಷ ಆಗೋವರ್ಗೂ ಸೈಕಲ್ ಜೊತೆ ಓಡಿಸ್ಲಿಲ್ಲ, ದೊಡ್ಡ ಜಾತಿ ಮರಿಗಳ ಕೀಲು ಮೂಳೆ ಬಲಿಯಕ್ಕೆ ಟೈಮ್ ಬೇಕು. ಟಾರ್ ರೋಡ್ ಆದ್ರೆ ನಿಮ್ ಅಂಗೈ ಹಿಂಭಾಗ ರೋಡಿಗೆ ಇಟ್ಟು ನೋಡಿ, ನಿಮ್ಗೆ ತಡ್ಕೊಳಕ್ಕೆ ಆಗ್ಲಿಲ್ಲ ಅಂದ್ರೆ ಅದರ ಪಾದಕ್ಕೂ ಆಗಲ್ಲ. ಹಗ್ಗ ಮಾತ್ರ ಬಿಡಲ್ಲ ನಾನು. ಮುಧೋಳದ ರಕ್ತ ಇರೋ ನಾಯಿ ಮೊಲ ಕಂಡ್ರೆ ಹೆಸರು ಕೂಗಿದ್ದು ಕಿವಿಗೇ ಬೀಳಲ್ಲ. ನಮ್ ತೋಟಗಳಲ್ಲಿ ನವಿಲು ಬೇರೆ ಜಾಸ್ತಿ ಆಗಿದಾವೆ, ನವಿಲೂ ಮೊಲನೂ 1972ರ ವನ್ಯಜೀವಿ ಕಾಯ್ದೆ ಒಳಗೆ ಬರೋವು. ಅದಕ್ಕಿಂತ ಭಯ ಏನಂದ್ರೆ ಹಂದಿಗೆ ಅಂತ ಹಾಕಿರೋ ಉರುಳು, ಕರೆಂಟ್ ತಂತಿ.

ಓಡಿಸಿ ಓಡಿಸಿ ಸುಸ್ತು ಮಾಡ್ತೀನಿ ಅನ್ಕೊಂಡ್ರೆ ನಾಯಿ ಸುಸ್ತಾಗಲ್ಲ, ಇನ್ನೂ ಫಿಟ್ ಆಗುತ್ತೆ, ಸುಸ್ತಾಗೋದು ನಾವು. ಮೂಗಿನ ಕೆಲ್ಸ ಕೊಟ್ರೆ ಬೇಗ ದಣಿಯುತ್ತೆ. ಮೊಟ್ಟೆ ಚೂರುಗಳನ್ನ ಅಂಗಳದಲ್ಲಿ, ತೆಂಗಿನ ಬುಡಗಳಲ್ಲಿ ಬಚ್ಚಿಟ್ಟು 'ಹುಡುಕು' ಅಂತ ಬಿಟ್ರೆ ಸ್ವಲ್ಪ ಹೊತ್ತಲ್ಲೇ ನಾಲಿಗೆ ಇಳಿಬಿಟ್ಕೊಂಡು ಬಂದು ಮಲಗುತ್ತೆ. ಮಟ್ಟೆ ರಾಶಿಲಿ ಮಾತ್ರ ಬಚ್ಚಿಡ್ಬೇಡಿ, ಹಾವು ಚೇಳು ಇರ್ತವೆ.

ಊಟ ದಿನಕ್ಕೆ ಎರಡು ಸಲ. ರಾಗಿ ಅಂಬಲಿ ಇಲ್ಲಾ ಅನ್ನ, ಜೊತೆಗೆ ಬೇಯಿಸಿದ ಕೋಳಿ, ಮೊಟ್ಟೆ. ಬರೀ ಮುದ್ದೆ ಮಜ್ಜಿಗೆಲಿ ಈ ಸೈಜಿನ ನಾಯಿ ಮೈ ಹಿಡಿಯಲ್ಲ. ಮನೆ ಸಾರು ಹಾಕ್ಬೇಡಿ, ಈರುಳ್ಳಿ ಬೆಳ್ಳುಳ್ಳಿ ನಾಯಿ ರಕ್ತಕ್ಕೆ ಆಗಲ್ಲ, ನಮ್ ಮನೇಲಿ ಇದನ್ನ ಒಪ್ಸೋದೇ ದೊಡ್ಡ ಕೆಲ್ಸ ಆಯ್ತು, 'ನಮ್ ಕಾಲದ ನಾಯಿಗಳು ಏನ್ ತಿಂತಿದ್ವು ಮತ್ತೆ' ಅಂತಾರೆ ಅಮ್ಮ. ಬೆಂದ ಮೂಳೆ ಸೀಳು ಸೀಳಾಗಿ ಮುರಿದು ಕರುಳಿಗೆ ಚುಚ್ಚುತ್ತೆ, ಅದೂ ಬೇಡ. ಎದೆ ಆಳ ಇರೋ ದೊಡ್ಡ ನಾಯಿಗಳಿಗೆ ಹೊಟ್ಟೆ ಉಬ್ಬಿ ತಿರುಚ್ಕೊಳೋ ಕಾಯಿಲೆ ಬರುತ್ತೆ, ಅದಕ್ಕೆ ಉಂಡ ಮೇಲೆ ಒಂದು ಗಂಟೆಯಾದ್ರೂ ಓಡಿಸಲ್ಲ. ಹೊಟ್ಟೆ ಗಟ್ಟಿಯಾಗಿ ಊದಿ, ವಾಂತಿ ಮಾಡಕ್ಕೆ ಹೋಗಿ ಏನೂ ಬರ್ತಿಲ್ಲ ಅಂದ್ರೆ ಬೆಳಗಾಗ್ಲಿ ಅಂತ ಕಾಯ್ಬಾರ್ದು, ಗಂಟೆಗಳ ಲೆಕ್ಕದಲ್ಲಿ ಜೀವ ಹೋಗುತ್ತೆ.

ಉಣ್ಣೆ, ಅಂದ್ರೆ ಮೈಗೆ ಕಚ್ಕೊಂಡು ರಕ್ತ ಹೀರೋ ಹುಳದ ವಿಷಯಕ್ಕೆ ಬರ್ತೀನಿ. ಹಸು ಇರೋ ಮನೇಲಿ ಉಣ್ಣೆ ಇರೋದೇ ಅಂತ ಬಿಟ್ಬಿಡ್ತಾರೆ. ಆದ್ರೆ ನಾಯಿ ಉಣ್ಣೆ ನಾಯಿ ಮೈಮೇಲಿಗಿಂತ ಗೋಡೆ ಬಿರುಕಲ್ಲಿ ಜಾಸ್ತಿ ಇರುತ್ತೆ, ಅಲ್ಲೇ ಮೊಟ್ಟೆ ಇಡುತ್ತೆ. ನಾನು ಪಡಸಾಲೆ ಗೋಡೆ ಸಂದುಗಳನ್ನ ಸಿಮೆಂಟಲ್ಲಿ ಮುಚ್ಚಿ, ನೆಲ ಗಾರೆ ಮಾಡಿಸ್ದೆ, ಆಮೇಲೆ ಎಷ್ಟೋ ಕಮ್ಮಿ ಆಯ್ತು. ಹಸುಗೆ ತಂದ ಔಷಧಿನೇ ಅಳತೆ ಇಲ್ದೆ ನಾಯಿಗೆ ಬಳಿಬೇಡಿ, ನೆಕ್ಕಿ ವಿಷ ಆಗುತ್ತೆ. ಊಟ ಬಿಟ್ಟು ಮಂಕಾಗಿ ಒಸಡು ಬೆಳ್ಳಗಾದ್ರೆ, ಮೂಗಲ್ಲಿ ರಕ್ತ ಬಂದ್ರೆ ಉಣ್ಣೆ ಜ್ವರ ಇರ್ಬೋದು, ರಕ್ತ ಪರೀಕ್ಷೆ ಮಾಡಿಸ್ಬೇಕು.

ಇಂಜೆಕ್ಷನ್‌ಗಳಲ್ಲಿ ಸೋಂಬೇರಿತನ ಬೇಡ. ಮರಿಗಳ ಜೀವ ತೆಗೆಯೋ ಪಾರ್ವೊ, ಡಿಸ್ಟೆಂಪರ್ ರೋಗಗಳಿಗೆ ಸೇರಿಸಿ ಹಾಕೋದು ಆರು ಎಂಟು ವಾರಕ್ಕೆ ಶುರು, ರೇಬೀಸ್ ಮೂರು ತಿಂಗಳಿಗೆ, ಆಮೇಲೆ ಬೂಸ್ಟರ್, ಮುಂದೆ ವರ್ಷ ವರ್ಷ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ, ಆ ಟೈಮಲ್ಲಿ ಎಷ್ಟೋ ಕಡೆ ಪಶು ಆಸ್ಪತ್ರೇಲಿ ಪುಕ್ಕಟೆ ಹಾಕ್ತಾರೆ. ಯಾರಿಗಾದ್ರೂ ಹಲ್ಲು ತಾಗಿದ್ರೆ ಅರಿಶಿನ ಸುಣ್ಣ ಅಂತ ಹಚ್ಕೊಂಡು ಕೂರ್ದೆ 15 ನಿಮಿಷ ಸೋಪು ಹಾಕಿ ಹರಿಯೋ ನೀರಲ್ಲಿ ತೊಳೆದು ಆಸ್ಪತ್ರೆಗೆ ಹೋಗ್ಬೇಕು, ಸಾಕಿದ ನಾಯಿ ಆದ್ರೂ ಸೈ. ಇನ್ನೊಂದು, ಮುಧೋಳ ಮಿಕ್ಸ್ ಅಂತ ಡಾಕ್ಟ್ರಿಗೆ ಮುಂಚೆನೇ ಹೇಳಿ, ಮೈಲಿ ಕೊಬ್ಬು ಕಮ್ಮಿ ಇರೋ ಈ ತರ ನಾಯಿಗಳು ಕೆಲವು ಅರಿವಳಿಕೆ ಔಷಧಿಗಳಿಂದ ಬೇಗ ಎಚ್ಚರ ಆಗಲ್ಲ. ಬೀಜ ಒಡೆಸೋವಾಗ ನಾನೇ ಹೇಳಿದ್ದೆ, ಅವ್ರು ಔಷಧಿ ಅದಕ್ಕೆ ತಕ್ಕಂಗೆ ನೋಡ್ಕೊಂಡ್ರು.

ಜನಗಳ ವಿಷ್ಯಕ್ಕೆ ನಾನು ತುಂಬಾ ಟೈಮ್ ಕೊಟ್ಟೆ. ಮರಿ ಇದ್ದಾಗಿಂದಾನೇ ಹಾಲು ಹಾಕೋರು, ಲೈನ್‌ಮ್ಯಾನು, ಹೆಲ್ಮೆಟ್ ಹಾಕಿರೋರು, ಛತ್ರಿ ಹಿಡ್ದಿರೋರು ಎಲ್ಲರನ್ನೂ ದೂರದಿಂದ ತೋರಿಸಿದೀನಿ. ಆದ್ರೆ ಅವರ ಕೈಲಿ ತಿನ್ನಕ್ಕೆ ಕೊಡ್ಸಲ್ಲ, ಮಾಂಸಕ್ಕೆ ವಿಷ ಹಾಕಿ ಎಸೆಯೋ ಕಳ್ಳರೂ ಇದಾರೆ, ಹಂಗಾಗಿ ಊಟ ತಟ್ಟೇಲಿ ಮಾತ್ರ, ಮನೆಯೋರ ಕೈಲಿ ಮಾತ್ರ. ಕಾಯಿ ಕೀಳೋರು ಎರಡು ತಿಂಗಳಿಗೊಮ್ಮೆ ಬರ್ತಾರೆ, ಉದ್ದ ಗಳಕ್ಕೆ ಕುಡ್ಲು ಕಟ್ಕೊಂಡು, ಅದನ್ನ ನೋಡಿದ್ರೆ ಕೆಂಚನಿಗೆ ಈಗ್ಲೂ ಆಗಲ್ಲ. 'ಅಣ್ಣಾ, ಮೊದ್ಲು ಅದನ್ನ ಒಳಗಾಕಣ್ಣ, ಆಮೇಲೆ ರೇಟ್ ಮಾತಾಡಣ' ಅಂತಾರೆ ಗೇಟಲ್ಲೇ ನಿಂತು. ನ್ಯಾಯವಾದ ಮಾತು. ಅವತ್ತು ಬೆಳಿಗ್ಗೆನೇ ಚೆನ್ನಾಗಿ ಓಡಿಸಿ ಗ್ರಿಲ್ ಒಳಗೆ ಬಿಡ್ತೀನಿ, ಕೆಲಸ ಮುಗಿಯೋವರ್ಗೂ ಆಚೆ ಇಲ್ಲ. ನಮ್ ನಾಯಿ ಏನೂ ಮಾಡಲ್ಲ ಬನ್ನಿ ಅಂತ ಹೇಳೋ ಓನರ್‌ಗಳನ್ನ ಕಂಡ್ರೆ ನಂಗೆ ಸಿಟ್ಟು ಬರುತ್ತೆ.

ಮನೆಯೋರೆಲ್ಲ ಮದ್ವೆಗೋ ಹಬ್ಬಕ್ಕೋ ಹೋಗ್ಬೇಕಾದ್ರೆ ಏನ್ ಮಾಡ್ತೀರಾ ಅಂತ ಕೇಳ್ತಾರೆ. ಇಂಥ ನಾಯಿನ ಹೊಸಬರ ಕೈಗೆ ಕೊಡಕ್ಕಾಗಲ್ಲ. ಪಕ್ಕದ ತೋಟದ ಹುಡುಗ ಒಬ್ಬ ಮರಿಯಿಂದ ಇದರ ಜೊತೆ ಆಡಿದಾನೆ, ಹಗ್ಗ ಹಿಡಿಯೋದು, ಬಾಯಿಗೆ ಕುಕ್ಕೆ ಹಾಕೋದು ಅವನಿಗೂ ಕಲಿಸಿದೀನಿ, ಅವ್ನು ಬಂದು ಎರಡು ಹೊತ್ತು ಊಟ ಹಾಕಿ, ಅಂಗಳದಲ್ಲಿ ಹುಡುಕಾಟ ಆಡಿಸಿ ಒಳಗೆ ಹಾಕಿ ಹೋಗ್ತಾನೆ. ಕುಕ್ಕೆ, ಹಗ್ಗ, ಡಾಕ್ಟ್ರ ನಂಬರ್ ಬರ್ದಿರೋ ಚೀಟಿ ಮೂರೂ ಗ್ರಿಲ್ ಪಕ್ಕದ ಮೊಳೆಗೇ ನೇತಾಕಿರ್ತೀನಿ. ಅವನಿಗೆ ಪರೀಕ್ಷೆ ಇದ್ರೆ ನಾನು ಮದ್ವೆಗೆ ಹೋಗಲ್ಲ, ಮನೆಯೋರು ಹೋಗ್ತಾರೆ.