ಮೂರನೆಯ ಸಲ ನಾನೇ ವಾರ್ಡಿಗೆ ಹೋದೆ

ರಾಯಚೂರಿನ ಪ್ರಯೋಗಾಲಯವೊಂದರಲ್ಲಿ ಟೆಕ್ನಿಷಿಯನ್ ಆಗಿ ಸೇರಿದ ಹೊಸದರಲ್ಲಿ ನಾನು ಮೇಜು ಬಿಟ್ಟು ಏಳುತ್ತಿರಲಿಲ್ಲ. ಗಾಯ ಒರೆಸಿ ಕಳುಹಿಸಿದ ಸ್ವಾಬ್ ಕಡ್ಡಿಯನ್ನು, ಬ್ಯಾಕ್ಟೀರಿಯಾ ಬೆಳೆಸುವ ಅಗಾರ್ ತಟ್ಟೆಗೆ ಸವರುವುದು, ಬೆಳೆದದ್ದನ್ನು ಬರೆದುಕೊಡುವುದು, ಕೆಲಸ ಅಷ್ಟೇ ಎಂದುಕೊಂಡಿದ್ದೆ.

ಆ ಭ್ರಮೆ ಹರಿದದ್ದು ಮಾನ್ವಿ ಕಡೆಯ ರೈತರೊಬ್ಬರ ಕಾಲಿನಿಂದ. ಸಕ್ಕರೆ ಕಾಯಿಲೆಯವರು, ಗದ್ದೆಯಲ್ಲಿ ಚುಚ್ಚಿದ ಮುಳ್ಳು ಹುಣ್ಣಾಗಿ ತಿಂಗಳಾಗಿತ್ತು. ಎರಡು ಬಾರಿ ಕಡ್ಡಿ ಕಲ್ಚರಿಗೆ, ಅಂದರೆ ಬೆಳೆಸಿ ನೋಡಲು, ಬಂದಿತ್ತು, ಎರಡು ಬಾರಿಯೂ ನಾಲ್ಕೈದು ಬಗೆಯ ಬ್ಯಾಕ್ಟೀರಿಯಾ ಒಟ್ಟಿಗೇ ಬೆಳೆದವು. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವ ಗ್ರಾಂ ಸ್ಟೇನ್‌ನಲ್ಲಿ ನೋಡಿದರೆ ಕೀವಿನ ಕಣಗಳಿಗಿಂತ ಚರ್ಮದ ಕಣಗಳೇ ಹೆಚ್ಚು. ಕಡ್ಡಿಗೆ ಹತ್ತಿದ್ದು ಮೇಲಿನ ಕೊಳೆ, ಒಳಗಿನ ಸೋಂಕಲ್ಲ.

ಮೂರನೆಯ ಸಲ ನಾನೇ ವಾರ್ಡಿಗೆ ಹೋದೆ. ಪಟ್ಟಿ ಬಿಚ್ಚಿದಾಗ ಗಾಯದ ತುಂಬ ಅರಿಶಿನದ ಹೆಪ್ಪು. ಡಾಕ್ಟರು ಸತ್ತ ಪದರ ತೆಗೆದರು, ಸಿಸ್ಟರ್ ಸಲೈನಿನಿಂದ ತೊಳೆದರು. ಕೆಂಪು ಮಾಂಸ ಕಂಡ ಒಂದು ಚದರ ಸೆಂಟಿಮೀಟರಿನಷ್ಟು ಜಾಗದಲ್ಲಿ, ಒಳಗಿನ ದ್ರವ ಒಸರುವಂತೆ ಒತ್ತಿ, ಕಡ್ಡಿಯನ್ನು ಐದು ಸೆಕೆಂಡು ತಿರುಗಿಸಿದೆ. ಅವರು ಮುಖ ಕೂಡ ಕಿವುಚಲಿಲ್ಲ. ಪಾದದ ನರಗಳು ಎಂದೋ ಮರಗಟ್ಟಿದ್ದವು.

"ರಕ್ತದ ಸಕ್ಕರೆಯನ್ನು ಆಗಿಂದಾಗಲೇ ಹೇಳುತ್ತೀರಿ, ಇದಕ್ಕೇಕೆ ಮೂರು ದಿನ ಸರ್?" ಎಂದ ಮಗ. ಬಿತ್ತಿ ಮೊಳಕೆಗೆ ಕಾಯುವ ಮನೆಯವನಿಗೆ ಉತ್ತರಿಸುವುದು ಕಷ್ಟವಾಗಲಿಲ್ಲ: ಬೆಳೆಯಲು ಒಂದು ರಾತ್ರಿ, ಔಷಧದೆದುರು ನಿಲ್ಲಿಸಿ ನೋಡಲು ಇನ್ನೊಂದು.

ಮರುದಿನ ತಟ್ಟೆಯ ಮುಚ್ಚಳ ತೆಗೆಯುತ್ತಲೇ ಕಳಿತ ದ್ರಾಕ್ಷಿಯ ವಾಸನೆ. ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ; ಅದನ್ನು ಗುರುತಿಸಲು ನೆರವಾಗುವ ಆಕ್ಸಿಡೇಸ್ ಪರೀಕ್ಷೆಯೂ ಹೌದೆಂದಿತು. ಅದನ್ನು ಸಲೈನಿನಲ್ಲಿ ಕದಡಿ, ಕದಡಿನ ದಟ್ಟಣೆ ಅಳೆಯುವ ಮ್ಯಾಕ್‌ಫರ್ಲೆಂಡ್ ಅಳತೆಯಲ್ಲಿ 0.5ಕ್ಕೆ ಹೊಂದಿಸಿ, ಮುಲ್ಲರ್ ಹಿಂಟನ್ ಅಗಾರಿನ ಮೇಲೆ ಹರಡಿ, ಔಷಧ ಹೀರಿಸಿದ ಪುಟ್ಟ ಕಾಗದದ ಡಿಸ್ಕ್‌ಗಳನ್ನು ಇಟ್ಟೆ. ಈ ಕದಡಿನ ವಿಷಯದಲ್ಲಿ ನಾನು ಜಿಪುಣ. ಗಟ್ಟಿಯಾದರೆ ಡಿಸ್ಕಿನ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಬಯಲು ಕಿರಿದಾಗಿ, ಒಳ್ಳೆಯ ಔಷಧವೂ ನಾಟದಂತೆ ತೋರುತ್ತದೆ. ಅಗಾರ್ 4 ಮಿಲಿಮೀಟರಿಗಿಂತ ದಪ್ಪವಾದರೂ ಅದೇ ಗತಿ.

ಹದಿನೆಂಟು ಗಂಟೆಯ ಬಳಿಕ ಸಿಪ್ರೊಫ್ಲಾಕ್ಸಾಸಿನ್ ಡಿಸ್ಕಿನ ಅಂಚಿನವರೆಗೂ ಬ್ಯಾಕ್ಟೀರಿಯಾ ಹಬ್ಬಿತ್ತು; ಸೆಫ್ಟಾಜಿಡಿಮ್ ಸುತ್ತ ಅಗಲವಾದ ಬಯಲು. ಅವರು ತಿಂಗಳಿಡೀ ನುಂಗಿದ್ದು ಅಮಾಕ್ಸಿಸಿಲಿನ್-ಕ್ಲಾವುಲನೇಟ್. ಸ್ಯೂಡೊಮೊನಾಸ್‌ಗೆ ಅದು ಹುಟ್ಟಾ ತಾಗುವುದಿಲ್ಲ. ಅದರ ಡಿಸ್ಕನ್ನು ನಾವು ಇಡುವುದೂ ಇಲ್ಲ. ವರದಿ ಅಚ್ಚಾಗುವ ಮೊದಲೇ ಡಾಕ್ಟರಿಗೆ ಫೋನ್ ಮಾಡಿದೆ. ಕಿರುಬೆರಳು ಹೋಯಿತು, ಪಾದ ಉಳಿಯಿತು.

ಈಗ ಚೀಟಿಯಲ್ಲಿ 'ಕೀವು' ಎಂದಷ್ಟೇ ಬರೆದು ಕಳುಹಿಸಿದರೆ ವಾರ್ಡಿಗೆ ಫೋನ್ ಮಾಡುತ್ತೇನೆ: ಎಲ್ಲಿಯ ಗಾಯ, ತೊಳೆದು ತೆಗೆದಿರಾ, ಯಾವ ಮಾತ್ರೆ ನಡೆದಿದೆ? ಸಿಸ್ಟರ್‌ಗಳಿಗೆ ನನ್ನ ಮೇಲೆ ಸಿಟ್ಟಿದೆ.