ಪ್ರೋಗ್ರಾಂಗೆ ಕೈ ಹಾಕೋದು ಕೊನೆಗೆ

ಶಿವಮೊಗ್ಗ, ಮಾಚೇನಹಳ್ಳಿ ಕಡೆ ಫೌಂಡ್ರಿಗಳು, ಅಂದರೆ ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಗಳು, ಜಾಸ್ತಿ. ಯಂತ್ರಗಳನ್ನು ತಾನಾಗಿ ನಡೆಸುವ ವ್ಯವಸ್ಥೆ ನೋಡಿಕೊಳ್ಳುವ ಕಂಟ್ರೋಲ್ಸ್ ಎಂಜಿನಿಯರ್ ಆಗಿ ನನ್ನ ಕೆಲಸ ಹೆಚ್ಚಾಗಿ ಅವುಗಳಲ್ಲೇ. ಸೀನಿಯರ್ ಅನ್ನಿಸಿಕೊಂಡ ಮೇಲೆ ಪ್ರೋಗ್ರಾಂ ಬರೆಯುವುದು ಕಡಿಮೆಯಾಯಿತು, ಟಾರ್ಚ್ ಹಿಡಿದು ಕೇಬಲ್ ಹಿಂದೆ ಹೋಗುವುದು ಜಾಸ್ತಿಯಾಯಿತು.

ಒಮ್ಮೆ ಎರಕದ ಅಚ್ಚಿಗೆ ಮರಳು ಹದ ಮಾಡುವ ಸ್ಯಾಂಡ್ ಪ್ಲಾಂಟ್ ಒಂದರಿಂದ ಫೋನ್ ಬಂತು. ಮರಳಿನ ತೇವಾಂಶದ ರೀಡಿಂಗ್ ಸ್ಕ್ರೀನ್ ಮೇಲೆ ಕುಣಿಯುತ್ತಿದೆ, ಪಿಎಲ್‌ಸಿ (ಯಂತ್ರಗಳನ್ನು ನಡೆಸುವ ಕಂಪ್ಯೂಟರ್) ಪ್ರೋಗ್ರಾಂ ಕೆಟ್ಟಿದೆ ಸಾರ್ ಅಂದರು. ನಿನ್ನೆವರೆಗೆ ಸರಿ ಇದ್ದ ಲಾಜಿಕ್ ಯಾರೂ ಮುಟ್ಟದೆ ಇವತ್ತು ಹೇಗೆ ಕೆಡುತ್ತದೆ? ಹೋದವನು ಮೊದಲು ಮಾತಾಡಿಸಿದ್ದು ಮಿಕ್ಸರ್ ಆಪರೇಟರನ್ನು. "ಯಾವಾಗ ಕುಣಿಯುತ್ತಪ್ಪಾ?" "ಆ ಹೊಸ ಕನ್ವೇಯರ್ ಓಡುವಾಗ ಮಾತ್ರ ಸಾರ್." ಅರ್ಧ ಉತ್ತರ ಅಲ್ಲೇ ಸಿಕ್ಕಿತು.

ಆದರೂ ಊಹೆ ಮೇಲೆ ಕೇಬಲ್ ಕೀಳಿಸುವಂತಿಲ್ಲ. ಸೆನ್ಸರ್ ಸಿಗ್ನಲ್ ಪಿಎಲ್‌ಸಿಗೆ ಬಂದು ಸೇರುವ ಅನಲಾಗ್ ಕಾರ್ಡ್‌ನಲ್ಲಿ ಸೆನ್ಸರ್ ವೈರ್ ಬಿಚ್ಚಿ, ಬೇಕಾದಷ್ಟೇ ಕರೆಂಟ್ ಕೊಡುವ ಕ್ಯಾಲಿಬ್ರೇಟರ್‌ನಿಂದ 12 ಮಿಲಿಆಂಪ್ ಕೊಟ್ಟೆ. ಸೆನ್ಸರ್ ಸಿಗ್ನಲ್ ಕನಿಷ್ಠ 4, ಗರಿಷ್ಠ 20 ಮಿಲಿಆಂಪ್, 12 ಅದರ ನಡು, ಆದ್ದರಿಂದ ಸ್ಕ್ರೀನ್‌ನಲ್ಲಿ ರೇಂಜ್‌ನ ಸರಿಯಾಗಿ ಅರ್ಧ ಬರಬೇಕು. ಬಂತು, ಕನ್ವೇಯರ್ ಓಡುತ್ತಿದ್ದರೂ ಅಲುಗಾಡಲಿಲ್ಲ. ಅಂದರೆ ಕಾರ್ಡ್, ಸ್ಕೇಲಿಂಗ್ (ಕರೆಂಟನ್ನು ತೇವಾಂಶದ ಅಂಕಿಗೆ ಬದಲಿಸುವ ಲೆಕ್ಕ), ಪ್ರೋಗ್ರಾಂ ಮೂರೂ ಸರಿ, ರೋಗ ಹೊರಗಿದೆ. ಕೇಬಲ್ ಟ್ರೇ ಮುಚ್ಚಳ ತೆಗೆಸಿದರೆ ಹೊಸ ಕನ್ವೇಯರ್‌ನ ಡ್ರೈವ್‌ನಿಂದ (ಮೋಟಾರಿನ ವೇಗ ನಿಯಂತ್ರಿಸುವ ಪೆಟ್ಟಿಗೆ) ಮೋಟಾರಿಗೆ ಹೋಗುವ ಕೇಬಲ್ಲೂ ಸೆನ್ಸರ್ ಕೇಬಲ್ಲೂ ಒಂದೇ ಟ್ರೇಯಲ್ಲಿ ಗಂಡ ಹೆಂಡತಿ ಹಾಗೆ ಅಂಟಿಕೊಂಡು ಮಲಗಿದ್ದವು. ಮೋಟಾರ್ ಕೇಬಲ್‌ನ ವಿದ್ಯುತ್ ಗದ್ದಲ ಸೆನ್ಸರ್ ಸಿಗ್ನಲ್‌ಗೆ ನುಗ್ಗುತ್ತಿತ್ತು. ಸಾಲದ್ದಕ್ಕೆ ಸೆನ್ಸರ್ ಕೇಬಲ್‌ನ ಶೀಲ್ಡ್ (ಗದ್ದಲ ತಡೆಯುವ ಲೋಹದ ಹೊದಿಕೆ) ಎರಡೂ ತುದಿಯಲ್ಲಿ ಅರ್ಥ್ ಆಗಿ, ಅದರಲ್ಲೇ ಕರೆಂಟ್ ಹರಿಯುವಂತಾಗಿತ್ತು. ಟ್ರೇ ಬೇರೆ ಮಾಡಿಸಿ, ಶೀಲ್ಡನ್ನು ಪ್ಯಾನೆಲ್ (ಪಿಎಲ್‌ಸಿ ಇರುವ ಪೆಟ್ಟಿಗೆ) ಕಡೆ ಮಾತ್ರ ಅರ್ಥ್ ಉಳಿಸಿದೆ. ಕುಣಿತ ನಿಂತಿತು.

ಅಲ್ಲಿದ್ದಾಗಲೇ ಪ್ರೋಗ್ರಾಂಗೂ ಒಂದು ಸಾಲು ಸೇರಿಸಿದೆ, ರಿಪೇರಿಗಲ್ಲ, ಕಾವಲಿಗೆ. ವೈರ್ ತುಂಡಾದರೆ ಕರೆಂಟ್ ಸೊನ್ನೆಗೆ ಬೀಳುತ್ತದೆ. ಅದನ್ನು ಪ್ರೋಗ್ರಾಂ ಒಣ ಮರಳು ಅಂತ ತಿಳಿದು ನೀರು ಬಿಡುತ್ತಲೇ ಹೋದರೆ ಎರಕದಲ್ಲಿ ಬ್ಲೋಹೋಲ್ (ಆವಿಯಿಂದ ಆಗುವ ತೂತು) ಗ್ಯಾರಂಟಿ. ಹಾಗಾಗಿ 3.6 ಮಿಲಿಆಂಪ್‌ಗಿಂತ ಕೆಳಗೆ ಹೋದರೆ ವಾಲ್ವ್ ಮುಚ್ಚಿ ಅಲಾರಂ ಹೊಡೆಯಬೇಕು.

ಮಲೆನಾಡಿನ ಮಳೆಗಾಲ ಬೇರೆಯೇ ಕಥೆ. ಪ್ಯಾನೆಲ್ ಎಸಿಯನ್ನು ತೀರಾ ತಣ್ಣಗೆ ಇಟ್ಟು, ಜೋರು ಮಳೆಯಲ್ಲಿ ಬಾಗಿಲು ತೆಗೆದರೆ ಕಾರ್ಡ್‌ಗಳ ಮೇಲೆ ನೀರಿನ ಹನಿ ಕೂರುತ್ತದೆ. ತಂಪು ಜಾಸ್ತಿ ಇದ್ದಷ್ಟೂ ಒಳ್ಳೆಯದು ಅನ್ನುವವರೇ ಹೆಚ್ಚು, ನಾನು ಒಪ್ಪುವುದಿಲ್ಲ. ಮಳೆಗಾಲದಲ್ಲಿ ಪ್ಲಾಂಟ್ ನಿಂತಾಗ ಪ್ಯಾನೆಲ್ ಒಳಗಿನ ಹೀಟರ್ ಆನ್ ಇರಲಿ. ಕೇಬಲ್‌ಗಳನ್ನು ಕೆಳಗಿನಿಂದಲೇ ಒಳಗೆ ತನ್ನಿ, ಖಾಲಿ ತೂತುಗಳನ್ನು ಮುಚ್ಚಿಸಿ. ಇಲಿ, ಹಲ್ಲಿ ಕಾಟವೂ ತಪ್ಪುತ್ತದೆ.

ಇನ್ನು ಕರೆಂಟ್ ಹೋಗಿ ಬರುವುದು. ಬಂದ ತಕ್ಷಣ ಮಿಕ್ಸರ್ ತಾನಾಗೇ ಶುರುವಾಗಲಿ, ಟೈಮ್ ಉಳಿಯುತ್ತೆ ಅಂತ ಕೆಲವರು ಕೇಳುತ್ತಾರೆ. ನಾನು ಮಾಡಿಕೊಡುವುದಿಲ್ಲ. ಕರೆಂಟ್ ಹೋದಾಗಲೇ ಅಲ್ವಾ ಯಾರಾದರೂ ಸುಮ್ನೆ ಒಳಗೆ ಕೈ ಹಾಕಿ ಬ್ಲೇಡ್ ಕ್ಲೀನ್ ಮಾಡಲು ಹೋಗುವುದು? ಆಪರೇಟರ್ ಬಂದು ನೋಡಿ, ರೀಸೆಟ್ ಒತ್ತಿ, ಆಮೇಲೆ ಸ್ಟಾರ್ಟ್ ಒತ್ತಬೇಕು.