ಹೆಬ್ಬೆಟ್ಟಿಗೆ ಜಾಗ: ಬಟವಾಡೆ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಸರಿಪಡಿಸಿದ ನನ್ನ ಅನುಭವ

ನಮ್ಮೂರಿನ ಹಾಲು ಉತ್ಪಾದಕರ ಸಹಕಾರ ಸಂಘದ ಲೆಕ್ಕ ಬರೆಯುವ ನಾನು, 112 ಸದಸ್ಯರ ಬಟವಾಡೆ ಪಟ್ಟಿಯನ್ನು ಮೊದಲ ಸಲ ಎಕ್ಸೆಲ್‌ನಲ್ಲಿ ಮಾಡಿದಾಗ, ಪರದೆಯ ಮೇಲೆ ಕಂಡದ್ದನ್ನೇ ನಂಬಿ ಮುದ್ರಿಸಿಬಿಟ್ಟೆ. ಹಣ ಕೊಡಲು ಕುಳಿತ ಮೇಲೆ ನೋಡಿದರೆ ಕೆಲವರ ಹೆಸರಿನ ಮುಂದೆ ಮೊತ್ತದ ಬದಲು ಬರೀ ಹ್ಯಾಷ್ ಗುರುತುಗಳಿದ್ದವು; ‘ಲಕ್ಷ್ಮಮ್ಮ’ ಎಂಬಲ್ಲಿ ಒತ್ತಕ್ಷರಗಳ ಬುಡವೇ ಕತ್ತರಿಸಿಹೋಗಿತ್ತು; ಹಿರಿಯರು ಒತ್ತಿದ ಹೆಬ್ಬೆಟ್ಟಿನ ಗುರುತು ಕೆಳಗಿನ ಸಾಲಿನವರ ಜಾಗಕ್ಕೂ ಹರಡಿತ್ತು. ಯಾರ ಹಣವನ್ನು ಯಾರು ಪಡೆದರೆಂದು ಸಹಿಯ ಕಾಲಂ ಸ್ಪಷ್ಟವಾಗಿ ತೋರಿಸದಿದ್ದರೆ ಅಂತಹ ಪಟ್ಟಿಯಿಂದ ಏನು ಪ್ರಯೋಜನ?

ಎರಡನೆಯ ಸಲ ನಾನು ಕಾಗದದಿಂದ ಆರಂಭಿಸಿದೆ. ಎ4 ಹಾಳೆಯನ್ನು ಅಡ್ಡಲಾಗಿ ಇಟ್ಟರೆ ಅಗಲ 297 ಮಿಲಿಮೀಟರ್. ಎರಡೂ ಬದಿಗೆ ಹತ್ತು ಹತ್ತು ಬಿಟ್ಟರೆ 277 ಉಳಿಯುತ್ತದೆ. ಅದರಲ್ಲಿ ಹೆಸರಿಗೆ 70, ಸಹಿಗೆ 60, ಪಾವತಿಯ ಮೊತ್ತಕ್ಕೆ 32 ಎಂದು ಮೊದಲು ತೆಗೆದಿಟ್ಟು, ಉಳಿದುದನ್ನು ಕ್ರಮ ಸಂಖ್ಯೆ, ಸದಸ್ಯರ ಸಂಖ್ಯೆ, ಲೀಟರ್, ಒಟ್ಟು ಮೊತ್ತ ಮತ್ತು ಪಶು ಆಹಾರದ ಕಡಿತಕ್ಕೆ ಹಂಚಿದೆ. ಸಾಮಾನ್ಯ ನೋಟದಲ್ಲಿ ಎಕ್ಸೆಲ್ ಕಾಲಮ್ಮಿನ ಅಗಲವನ್ನು ಅಕ್ಷರಗಳ ಲೆಕ್ಕದಲ್ಲಿ ತೋರಿಸುತ್ತದೆಯಾದರೂ, ‘ಪೇಜ್ ಲೇಔಟ್’ ನೋಟಕ್ಕೆ ಹೋದರೆ ಸೆಂಟಿಮೀಟರ್‌ನಲ್ಲೇ ಕೊಡಬಹುದು. ಕಾಲಮ್ಮಿನ ಗೆರೆಯ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಅಗಲ ತಾನಾಗಿ ಹೊಂದಿಕೊಳ್ಳುವುದು ನಿಜ, ಆದರೆ ಪರದೆಯಲ್ಲಿ ಬಿಗಿಯಾಗಿ ಹಿಡಿಸಿದ ಅಂಕಿ ಮುದ್ರಣದಲ್ಲಿ ಹಿಡಿಸದೆ ಹ್ಯಾಷ್ ಗುರುತಾಗಬಹುದು. ಆದ್ದರಿಂದ ಹಣದ ಕಾಲಮ್ಮಿಗೆ ಯಾವಾಗಲೂ ಒಂದೆರಡು ಅಂಕಿಯಷ್ಟು ಹೆಚ್ಚು ಜಾಗ ಬಿಡುತ್ತೇನೆ.

ಸಾಲಿನ ಎತ್ತರವೇ ನನಗೆ ಹೆಚ್ಚು ಕಲಿಸಿತು. ಎಲ್ಲ ಸಾಲೂ ಸಮನಾಗಿರಲೆಂದು ನಾನೇ 15 ಪಾಯಿಂಟ್ ಎಂದು ನಿಗದಿ ಮಾಡಿದ್ದೆ. ಹಾಗೆ ಕೈಯಿಂದ ಕೊಟ್ಟ ಮೇಲೆ ಅಕ್ಷರ ದೊಡ್ಡದಾದರೂ ಸಾಲು ಬೆಳೆಯುವುದಿಲ್ಲ, ಒತ್ತಕ್ಷರದ ಮೇಲೆ ಒತ್ತಕ್ಷರ ಬರುವ ಕನ್ನಡಕ್ಕೆ ಆ ಎತ್ತರ ಸಾಲುವುದೂ ಇಲ್ಲ. 28 ಪಾಯಿಂಟ್, ಅಂದರೆ ಸುಮಾರು ಒಂದು ಸೆಂಟಿಮೀಟರ್, ಮಾಡಿದಾಗ ಹೆಸರುಗಳು ಚೆನ್ನಾಗಿ ಕಂಡವು. ಹೆಬ್ಬೆಟ್ಟು ಮಾತ್ರ ಆಗಲೂ ಹಿಡಿಸಲಿಲ್ಲ. ನನ್ನ ಹೆಬ್ಬೆರಳನ್ನೇ ಶಾಯಿಯ ಪ್ಯಾಡಿಗೆ ಒತ್ತಿ, ಖಾಲಿ ಹಾಳೆಯಲ್ಲಿ ಗುರುತು ತೆಗೆದು ಅಳೆದ ಬಳಿಕ 45 ಪಾಯಿಂಟಿಗೆ ಏರಿಸಿದೆ. ಪುಟಕ್ಕೆ ಹದಿನಾರು ಹೆಸರು ಹಿಡಿಯುತ್ತಿದ್ದಲ್ಲಿ ಹತ್ತಕ್ಕೆ ಇಳಿದು, ಏಳು ಪುಟದ ಪಟ್ಟಿ ಹನ್ನೆರಡು ಪುಟವಾಯಿತು. ಕಾಗದದ ಖರ್ಚಿನ ಮಾತು ಬಂದಾಗ, ಸಹಿ ಮಾಡಲು ಬಾರದ ಸದಸ್ಯರ ಗುರುತಿಗೂ ಸಹಿಯಷ್ಟೇ ಬೆಲೆಯಿದೆ ಎಂದು ನಾನು ಪಟ್ಟು ಹಿಡಿದೆ.

ಸೆಲ್‌ಗಳನ್ನು ಮರ್ಜ್ ಮಾಡುವುದನ್ನು ಈಗ ಬಿಟ್ಟಿದ್ದೇನೆ. ಒಂದೇ ಮನೆಯ ಇಬ್ಬರು ಸದಸ್ಯರ ಸೆಲ್‌ಗಳನ್ನು ಕೂಡಿಸಿದ್ದರಿಂದ ಪಟ್ಟಿಯನ್ನು ಸದಸ್ಯರ ಸಂಖ್ಯೆಯ ಕ್ರಮಕ್ಕೆ ತರಲು ಎಕ್ಸೆಲ್ ಒಪ್ಪಲೇ ಇಲ್ಲ. ಶೀರ್ಷಿಕೆ ನಡುವೆ ಬರಬೇಕಾದರೆ ಫಾರ್ಮ್ಯಾಟ್ ಸೆಲ್ಸ್‌ನಲ್ಲಿರುವ ‘ಸೆಂಟರ್ ಅಕ್ರಾಸ್ ಸೆಲೆಕ್ಷನ್’ ಸಾಕು.

ಮುದ್ರಣಕ್ಕೆ ಮುನ್ನ ಅಗಲವನ್ನು ಒಂದು ಪುಟಕ್ಕೆ ಹೊಂದಿಸಿ, ಎತ್ತರವನ್ನು ‘ಆಟೋಮ್ಯಾಟಿಕ್’ ಎಂದು ಬಿಡುತ್ತೇನೆ. ಎರಡನ್ನೂ ಒಂದೇ ಪುಟಕ್ಕೆ ಇಳಿಸಿದರೆ ಅಕ್ಷರಗಳು ಓದಲಾಗದಷ್ಟು ಕುಗ್ಗುತ್ತವೆ. ‘ಪ್ರಿಂಟ್ ಟೈಟಲ್ಸ್’ನಲ್ಲಿ ತಲೆಸಾಲನ್ನು ಗುರುತಿಸಿರುವುದರಿಂದ ಹನ್ನೆರಡನೆಯ ಪುಟದ ಇಬ್ಬರು ಸದಸ್ಯರ ಮೇಲೂ ‘ಪಾವತಿ’, ‘ಸಹಿ’ ಎಂಬ ಹೆಸರುಗಳು ಅಚ್ಚಾಗುತ್ತವೆ.